ಸಮಾಧಿಯಲ್ಲಿ ಸದ್ದು ಕೇಳಿಸುತ್ತದೆಯೇ?

ಬುದ್ಧನ ಕೊನೆಯ ಪಯಣ. ಪಾವೆಯಿಂದ ಕುಸಿನಾರೆಗೆ ಹೋಗುವ ದಾರಿಯಲ್ಲಿ ಮೈಗೆ ಹುಷಾರಿಲ್ಲದೆ ಒಂದು ಮರದ ಬುಡದಲ್ಲಿ ಕೂತಿದ್ದಾನೆ. ಎದುರಿಂದ ಬಂದ ಪುಕ್ಕುಸನೆಂಬ ಮಲ್ಲ ತನ್ನ ಗುರು ಆಳಾರ ಕಾಲಾಮನ ಹಿರಿಮೆಯನ್ನು ಹೇಳತೊಡಗುತ್ತಾನೆ. ಆಳಾರ ಹೀಗೇ ದಾರಿ ಬದಿಯ ಮರದಡಿ ಧ್ಯಾನಕ್ಕೆ ಕೂತಿದ್ದಾಗ ಐನೂರು ಗಾಡಿಗಳು ಒಂದರ ಹಿಂದೊಂದು ಅವನ ಪಕ್ಕದಲ್ಲೇ ಹಾದುಹೋದವಂತೆ. ಉಟ್ಟ ಬಟ್ಟೆಯ ಮೇಲೆಲ್ಲ ಧೂಳು. ಎಚ್ಚರವಿದ್ದೂ ಅವನು ಒಂದು ಗಾಡಿಯನ್ನೂ ಕಾಣಲಿಲ್ಲ, ಒಂದರ ಸದ್ದನ್ನೂ ಕೇಳಲಿಲ್ಲ. ಬುದ್ಧ ಇದಕ್ಕೆ ತನ್ನದೇ ಅನುಭವ ಹೇಳುತ್ತಾನೆ: ಆತುಮಾ ಎಂಬ ಊರಿನ ಕಣದ ಮನೆಯಲ್ಲಿದ್ದಾಗ ಗುಡುಗು ಸಿಡಿಲಿನ ಮಳೆ ಸುರಿದು, ಪಕ್ಕದಲ್ಲೇ ಇಬ್ಬರು ಅಣ್ಣತಮ್ಮಂದಿರೂ ನಾಲ್ಕು ಎತ್ತುಗಳೂ ಸಿಡಿಲಿಗೆ ಸತ್ತರು, ಜನ ಗುಂಪುಗೂಡಿದ ಮೇಲೆ ಏನಾಯಿತೆಂದು ತಾನು ಅವರನ್ನೇ ಕೇಳಿ ತಿಳಿಯಬೇಕಾಯಿತು.

ಇಷ್ಟನ್ನೇ ಓದಿದರೆ, ಧ್ಯಾನ ಆಳವಾದಷ್ಟೂ ಇಂದ್ರಿಯಗಳು ಮುಚ್ಚಿಕೊಳ್ಳುತ್ತವೆ, ಪೂರ್ತಿ ಮುಚ್ಚಿಕೊಂಡವನೇ ಗೆದ್ದವನು ಎನಿಸುತ್ತದೆ. ಆದರೆ ಅದೇ ಪಾಳಿ ತ್ರಿಪಿಟಕದಲ್ಲಿ ಇನ್ನೊಂದು ಸಂಭಾಷಣೆಯಿದೆ. ಪಾರಾಸರಿಯನೆಂಬ ಬ್ರಾಹ್ಮಣ ಗುರುವಿನ ಶಿಷ್ಯ ಉತ್ತರ, ಕಣ್ಣಿಂದ ನೋಡದೆ ಕಿವಿಯಿಂದ ಕೇಳದೆ ಇರುವುದೇ ಇಂದ್ರಿಯ ಸಾಧನೆ ಎಂದು ತನ್ನ ಗುರು ಕಲಿಸುತ್ತಾರೆ ಎನ್ನುತ್ತಾನೆ. ಹಾಗಿದ್ದರೆ ಕುರುಡರೂ ಕಿವುಡರೂ ಆಗಲೇ ಸಿದ್ಧರಾದರಲ್ಲ ಎಂದು ಬುದ್ಧ ಕೇಳಿದಾಗ ಉತ್ತರ ತಲೆ ತಗ್ಗಿಸಿ ಸುಮ್ಮನಾಗುತ್ತಾನೆ.

ಸಿಡಿಲಿನ ಸದ್ದೂ ಕೇಳದ ಧ್ಯಾನಿಯೂ, ಕೇಳದಿರುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು ಕೇಳುವವನೂ ಒಬ್ಬನೇ. ಹಿಂದೂ ಮತ್ತು ಬೌದ್ಧ ಪರಂಪರೆಗಳಲ್ಲಿ ಸಮಾಧಿಯ ಕುರಿತು ಎರಡೂವರೆ ಸಾವಿರ ವರ್ಷ ನಡೆದಿರುವ ಚರ್ಚೆಯ ತಿರುಳು ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಬೌದ್ಧರ ಧ್ಯಾನ ಒಂದು, ಹಿಂದೂಗಳ ಸಮಾಧಿ ಇನ್ನೊಂದು ಎಂದು ಎರಡು ಕಂಬಸಾಲು ಬರೆದು ಹೋಲಿಸುವ ರೂಢಿ ನಮ್ಮಲ್ಲಿದೆ. ಆತ್ಮ–ಅನಾತ್ಮಗಳ ಭೇದ ಸಣ್ಣದೇನಲ್ಲ. ಆದರೂ ಧ್ಯಾನದ ವಿಷಯಕ್ಕೆ ಬಂದಾಗ ನಿಜವಾದ ಗಡಿ ಎರಡು ಮತಗಳ ನಡುವೆ ಹಾಯುವುದಿಲ್ಲ, ಎರಡರ ಒಳಗೂ ಹಾಯುತ್ತದೆ. ಒಂದು ಕಡೆ, ಮನಸ್ಸು ಪೂರ್ತಿ ನಿಂತರೆ ಬಿಡುಗಡೆ ಎನ್ನುವವರು. ಇನ್ನೊಂದು ಕಡೆ, ನಿಂತ ಮನಸ್ಸು ಮತ್ತೆ ಎದ್ದೇ ಏಳುತ್ತದೆ, ಬಿಡುಗಡೆ ಅರಿವಿನಿಂದ ಮಾತ್ರ ಎನ್ನುವವರು.

ಸಮಾಧಿಗೆ ಏರುವ ಮೆಟ್ಟಿಲುಗಳ ವಿಷಯದಲ್ಲಿ ಎರಡೂ ಕಡೆಯ ಹೊಂದಿಕೆ ಬೆರಗು ಹುಟ್ಟಿಸುವಂಥದ್ದು. ಪಾಳಿ ಸುತ್ತಗಳು ನಾಲ್ಕು ಝಾನಗಳನ್ನು ಹೇಳುತ್ತವೆ. ಮೊದಲನೆಯದರಲ್ಲಿ ವಿತರ್ಕ, ವಿಚಾರ, ಪ್ರೀತಿ, ಸುಖಗಳಿರುತ್ತವೆ. ಮೇಲೇರಿದಂತೆ ಒಂದೊಂದೇ ಉದುರಿ ನಾಲ್ಕನೆಯದರಲ್ಲಿ ಶುದ್ಧ ಉಪೇಕ್ಷೆ ಉಳಿಯುತ್ತದೆ. ಅದರಾಚೆ ರೂಪವಿಲ್ಲದ ನಾಲ್ಕು ನೆಲೆಗಳು: ಕೊನೆಯಿಲ್ಲದ ಆಕಾಶ, ಕೊನೆಯಿಲ್ಲದ ವಿಜ್ಞಾನ, ಏನೂ ಇಲ್ಲದಿರುವಿಕೆ, ಸಂಜ್ಞೆ ಇದೆಯೆಂದೂ ಇಲ್ಲವೆಂದೂ ಹೇಳಲಾಗದ ಸ್ಥಿತಿ. ಪತಂಜಲಿಯ ಸಂಪ್ರಜ್ಞಾತ ಸಮಾಧಿಯೂ ವಿತರ್ಕ, ವಿಚಾರ, ಆನಂದ, ಅಸ್ಮಿತೆಗಳ ಮೂಲಕವೇ ಸಾಗುತ್ತದೆ. ಶ್ರದ್ಧೆ, ವೀರ್ಯ, ಸ್ಮೃತಿ, ಸಮಾಧಿ, ಪ್ರಜ್ಞೆ ಎಂಬ ಅವನ ಪಟ್ಟಿ ಬೌದ್ಧರ ಐದು ಇಂದ್ರಿಯಗಳ ಪಟ್ಟಿಯೇ. ಅವನು ಹೇಳುವ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳು ಬೌದ್ಧರ ನಾಲ್ಕು ಬ್ರಹ್ಮವಿಹಾರಗಳು. ಅವನ ಯೋಗಸೂತ್ರದ ಕೊನೆಯ ಪಾದದಲ್ಲಿ ಬರುವ ಧರ್ಮಮೇಘದ ಹೆಸರು ಮಹಾಯಾನದಲ್ಲಿ ಬೋಧಿಸತ್ವನ ಹತ್ತನೆಯ ಭೂಮಿಯದು. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮ ಯುಧಿಷ್ಠಿರನಿಗೆ ನಾಲ್ಕು ಬಗೆಯ ಧ್ಯಾನಯೋಗ ಹೇಳುತ್ತಾನೆ. ಅಲ್ಲಿಯೂ ವಿತರ್ಕ ವಿಚಾರಗಳಿವೆ, ಕೊನೆಗೆ ನಿರ್ವಾಣವೂ ಇದೆ. ಮುನಿ ಮರದ ತುಂಡಿನಂತೆ ಕೂರಬೇಕು, ಕಿವಿಯಿಂದ ಶಬ್ದವನ್ನು ತಿಳಿಯಬಾರದು ಎಂಬುದು ಅಲ್ಲಿಯ ಸೂಚನೆ. ಪಾರಾಸರಿಯ ಕಲಿಸುತ್ತಿದ್ದುದು ಇದನ್ನೇ ಅಲ್ಲವೇ!

ಯಾರು ಯಾರಿಂದ ಪಡೆದರು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಯೋಹಾನೆಸ್ ಬ್ರೊಂಕ್‌ಹಾರ್ಸ್ಟ್ 1986ರ ತಮ್ಮ ಪುಸ್ತಕದಲ್ಲಿ ಪ್ರಾಚೀನ ಭಾರತದಲ್ಲಿ ಎರಡು ಬೇರೆಬೇರೆ ಧ್ಯಾನ ಪರಂಪರೆಗಳಿದ್ದವು ಎಂದು ವಾದಿಸಿದರು. ಉಸಿರು, ಮನಸ್ಸು, ಮೈ ಎಲ್ಲವನ್ನೂ ನಿಲ್ಲಿಸುವ ದಾರಿ ಜೈನರಲ್ಲೂ ಇತರ ತಪಸ್ವಿಗಳಲ್ಲೂ ಇತ್ತು. ನಾಲ್ಕು ಝಾನಗಳು ಬುದ್ಧನ ಹೊಸ ಕೊಡುಗೆ. ಅಲೆಕ್ಸಾಂಡರ್ ವಿನ್ 2007ರಲ್ಲಿ ಬೇರೆ ದಾರಿ ಹಿಡಿದು, ಆಳಾರ ಕಾಲಾಮ ಮತ್ತು ಉದ್ದಕ ರಾಮಪುತ್ತ ಬುದ್ಧನಿಗೆ ಮೊದಲು ಕಲಿಸಿದ್ದು ಉಪನಿಷತ್ತಿನ ಚಿಂತನೆಗೆ ಸೇರಿದ ಬ್ರಾಹ್ಮಣ ಯೋಗವೇ ಎಂದರು. ಯೋಗಸೂತ್ರ ಕ್ರಿ.ಶ. 325–425ರ ಸುಮಾರಿಗೆ ರೂಪುಗೊಂಡಿತು ಎಂಬ ಫಿಲಿಪ್ ಮಾಸ್ ಅವರ ಲೆಕ್ಕವನ್ನು ಒಪ್ಪಿದರೆ, ಅಷ್ಟು ಹೊತ್ತಿಗೆ ಬೌದ್ಧ ಅಭಿಧರ್ಮ ಬೆಳೆದು ನಿಂತಿತ್ತು, ಪತಂಜಲಿ ಅದನ್ನು ಬಲ್ಲವನಾಗಿದ್ದ ಎನ್ನಬೇಕಾಗುತ್ತದೆ. ಇದರಿಂದ ಯೋಗಸೂತ್ರದ ಘನತೆಗೇನೂ ಕುಂದಿಲ್ಲ. ಒಂದೇ ಕಾಡಿನಲ್ಲಿ ಕೂತವರು ಒಬ್ಬರ ಅನುಭವವನ್ನು ಇನ್ನೊಬ್ಬರು ಕೇಳಿಸಿಕೊಂಡಿದ್ದಾರೆ, ಅಷ್ಟೆ.

ಮೆಟ್ಟಿಲು ಒಂದೇ ಆದರೂ ಅದರ ಬೆಲೆಯ ಬಗ್ಗೆ ಮೊದಲ ತಕರಾರು ಎದ್ದದ್ದು ಬುದ್ಧನ ಬದುಕಿನಲ್ಲೇ. ಆಳಾರನ ಬೋಧೆ ಏಳನೆಯ ನೆಲೆಯವರೆಗೂ ರಾಮಪುತ್ತನ ಪರಂಪರೆ ಎಂಟನೆಯದರವರೆಗೂ ಅವನನ್ನು ಒಯ್ದವು. ತಾನೂ ಅಲ್ಲಿಗೆ ತಲುಪಿದ ಮೇಲೆ ಸಿದ್ಧಾರ್ಥ ಎರಡನ್ನೂ ಬಿಟ್ಟ. ಅಲ್ಲಿಗೆ ಏರಿದವನು ಅಂಥದೇ ಲೋಕದಲ್ಲಿ ಹುಟ್ಟಬಹುದೇ ಹೊರತು ಹುಟ್ಟಿನಿಂದ ಬಿಡುಗಡೆಯಾಗುವುದಿಲ್ಲ ಎಂಬುದು ಅವನ ಕಾರಣ. ಆಮೇಲೆ ಉಪವಾಸದಿಂದ ಮೈ ಸೊರಗಿಸಿಕೊಂಡು ದಾರಿ ಕಾಣದೆ ಕೂತಾಗ, ಎಳವೆಯಲ್ಲಿ ತಂದೆ ಕೆಲಸದಲ್ಲಿದ್ದ ಹೊತ್ತು ನೇರಳೆ ಮರದ ನೆರಳಲ್ಲಿ ತಾನಾಗಿಯೇ ಒದಗಿದ ಮೊದಲ ಝಾನ ನೆನಪಾಗುತ್ತದೆ. ಆ ಸುಖಕ್ಕೆ ಏಕೆ ಹೆದರಬೇಕು ಎಂದು ಅವನು ಕೇಳಿಕೊಳ್ಳುತ್ತಾನೆ. ಎಂಟನೆಯ ಮೆಟ್ಟಿಲಿನವರೆಗೆ ಏರಿದವನು ಮತ್ತೆ ಮೊದಲನೆಯದಕ್ಕೆ ಇಳಿದು ಬರುತ್ತಾನೆ. ತ್ರಿಪಿಟಕದಲ್ಲಿ ನನ್ನನ್ನು ಇಷ್ಟು ಕಾಡುವ ಪ್ರಸಂಗ ಇನ್ನೊಂದಿಲ್ಲ.

ಹಾಗಿದ್ದೂ ಬೌದ್ಧರು ಎಂಟರ ಮೇಲೆ ಒಂಬತ್ತನೆಯದನ್ನೂ ಇಟ್ಟುಕೊಂಡರು. ಅದೇ ಸಂಜ್ಞೆ–ವೇದನೆಗಳು ಪೂರ್ತಿ ಅಡಗುವ ನಿರೋಧ ಸಮಾಪತ್ತಿ. ಮಜ್ಝಿಮ ನಿಕಾಯದಲ್ಲಿ ಸಂಜೀವನೆಂಬ ಭಿಕ್ಷುವಿನ ಕಥೆ ಬರುತ್ತದೆ. ಮರದಡಿ ನಿರೋಧದಲ್ಲಿ ಕೂತವನನ್ನು ಕಂಡ ದನಗಾಹಿಗಳೂ ರೈತರೂ ಕೂತಲ್ಲೇ ಸತ್ತನೆಂದುಕೊಂಡು ಹುಲ್ಲು, ಕಟ್ಟಿಗೆ, ಬೆರಣಿ ಒಟ್ಟಿ ಬೆಂಕಿಯಿಟ್ಟು ಹೋದರು. ಬೆಳಿಗ್ಗೆ ಅವನು ಎದ್ದು ಚೀವರ ಕೊಡವಿಕೊಂಡು ಅದೇ ಊರಿಗೆ ಭಿಕ್ಷೆಗೆ ಬಂದ. ಸತ್ತವನಿಗೂ ನಿರೋಧದಲ್ಲಿರುವವನಿಗೂ ಏನು ವ್ಯತ್ಯಾಸ ಎಂಬ ಪ್ರಶ್ನೆಗೆ ಮಹಾವೇದಲ್ಲ ಸುತ್ತದ ಉತ್ತರ ಬಹಳ ಬಿಗಿಯಾಗಿದೆ: ಇಬ್ಬರಲ್ಲೂ ಉಸಿರು, ಮಾತಿನ ಮೂಲ, ಸಂಜ್ಞೆ–ವೇದನೆ ನಿಂತಿವೆ; ಆದರೆ ಎರಡನೆಯವನಲ್ಲಿ ಆಯುಸ್ಸೂ ಮೈಬಿಸಿಯೂ ಉಳಿದಿವೆ, ಇಂದ್ರಿಯಗಳು ತಿಳಿಯಾಗಿವೆ.

5ನೇ ಶತಮಾನದಲ್ಲಿ ಅನುರಾಧಪುರದಲ್ಲಿ ಕೂತು ವಿಸುದ್ಧಿಮಗ್ಗ ಬರೆದ ಬುದ್ಧಘೋಷ ಈ ಸ್ಥಿತಿಗೆ ಹೋಗುವ ಮೊದಲು ಮಾಡಿಕೊಳ್ಳಬೇಕಾದ ನಾಲ್ಕು ಏರ್ಪಾಡುಗಳನ್ನು ಹೇಳುತ್ತಾನೆ. ತನ್ನ ಬಳಿಯಿರುವ ಬೇರೆಯವರ ವಸ್ತುಗಳು ಬೆಂಕಿ, ನೀರು, ಕಳ್ಳರಿಂದ ಕೆಡದಿರಲಿ ಎಂಬ ಸಂಕಲ್ಪ. ಸಂಘ ಕಾಯುತ್ತಿದ್ದರೆ, ಗುರು ಕರೆದರೆ, ಯಾರೂ ಬಂದು ಕರೆಯುವ ಮೊದಲೇ ಏಳುತ್ತೇನೆಂಬ ಸಂಕಲ್ಪ. ಏಳು ದಿನ ಕೂರುವುದಕ್ಕೆ ತನ್ನ ಆಯುಸ್ಸು ಇದೆಯೇ ಎಂದು ನೋಡಿಕೊಳ್ಳುವುದು. ಸಿಡಿಲು ಬಡಿದರೂ ಏಳದವನು ಸಂಘ ಕಾಯುತ್ತಿದೆ ಎಂದರೆ ಏಳುತ್ತಾನೆ! ಅಷ್ಟು ಒಳಗೆ ಹೋಗುವವನಿಗೂ ಬೇರೆಯವರು ಒಪ್ಪಿಸಿದ ಪಾತ್ರೆ–ಚೀವರಗಳ ಹೊಣೆ ತಪ್ಪಲಿಲ್ಲ. ಪರಂಪರೆ ತನ್ನ ಅತಿ ಎತ್ತರದ ಸಾಧನೆಯನ್ನೂ ಲೋಕದ ಸಾಲಕ್ಕೆ ಕಟ್ಟಿಹಾಕಿತ್ತು.

ತತ್ತ್ವದ ದೊಡ್ಡ ಗೊಂದಲ ಬಂದದ್ದು ಏಳುವ ಗಳಿಗೆಯಲ್ಲಿ. ಚಿತ್ತವೇ ನಿಂತುಹೋದ ಮೇಲೆ ಏಳನೆಯ ದಿನ ಮತ್ತೆ ಹುಟ್ಟುವ ಚಿತ್ತ ಎಲ್ಲಿಂದ ಬಂತು? ಹಿಂದಿನ ಕ್ಷಣದ ಚಿತ್ತವೇ ಮುಂದಿನ ಕ್ಷಣದ ಚಿತ್ತಕ್ಕೆ ಕಾರಣ ಎನ್ನುವ ಬೌದ್ಧರಿಗೆ ಇದು ಸಣ್ಣ ತೊಡಕಲ್ಲ. ಅಳಿದ ಚಿತ್ತವೇ ಏಳು ದಿನ ದಾಟಿ ಕಾರಣವಾಗುತ್ತದೆ ಎಂದರು ಕೆಲವರು. ಬೀಜ ಇಂದ್ರಿಯಸಹಿತವಾದ ಮೈಯಲ್ಲೇ ಉಳಿದಿರುತ್ತದೆ ಎಂದರು ಇನ್ನು ಕೆಲವರು. ಸೂಕ್ಷ್ಮ ಚಿತ್ತವೊಂದು ಒಳಗೆ ಹರಿಯುತ್ತಲೇ ಇರುತ್ತದೆ ಎಂಬುದು ವಸುಮಿತ್ರನ ಪಕ್ಷ. ವಸುಬಂಧು ಕರ್ಮಸಿದ್ಧಿಯಲ್ಲಿ ಈ ವಾದಗಳನ್ನು ಒಂದೊಂದಾಗಿ ತೂಗಿ, ಬೀಜಗಳನ್ನು ಹೊತ್ತು ಒಳಗೇ ಹರಿಯುವ ಆಲಯವಿಜ್ಞಾನಕ್ಕೆ ಬಂದು ನಿಲ್ಲುತ್ತಾನೆ. ಯೋಗಾಚಾರದ ಆ ಕಲ್ಪನೆ ಹುಟ್ಟಿದ್ದೇ ಈ ಸಮಸ್ಯೆಯಿಂದ ಎಂದು ಲ್ಯಾಂಬರ್ಟ್ ಶ್ಮಿಟ್‌ಹೌಸೆನ್ 1987ರಲ್ಲಿ ವಿವರವಾಗಿ ತೋರಿಸಿದರು. ಮರದಡಿ ಕದಲದೆ ಕೂತ ಒಬ್ಬ ಭಿಕ್ಷುವಿನಿಂದ ಇಡೀ ಒಂದು ದರ್ಶನ ಹುಟ್ಟಿದ್ದು ಹೀಗೆ. ಪತಂಜಲಿಗೂ ಇದೇ ಪ್ರಶ್ನೆ ಎದುರಾಗಿತ್ತು. ವೃತ್ತಿಗಳೆಲ್ಲ ನಿಂತ ಸಮಾಧಿಯಲ್ಲಿ ಸಂಸ್ಕಾರ ಮಾತ್ರ ಉಳಿದಿರುತ್ತದೆ ಎಂಬುದು ಅವನ ಉತ್ತರ. ಎರಡೂ ಕಡೆಯ ಮಾತು ಒಂದೇ ಕಡೆಗೆ ಬೊಟ್ಟುಮಾಡುತ್ತದೆ: ಎಷ್ಟು ಆಳಕ್ಕೆ ಹೋದರೂ ಏಳಿಸುವ ಬೀಜ ಅಲ್ಲೇ ಇದೆ.

ಇದನ್ನು ನೇರವಾಗಿ ಹೇಳಿದವರು ಶಂಕರರು. ನಿದ್ದೆಯಲ್ಲೂ ಸಮಾಧಿಯಲ್ಲೂ ಭೇದ ಅಡಗುವುದು ನಿಜ, ಆದರೆ ಮಿಥ್ಯಾಜ್ಞಾನ ಅಳಿಯದಿರುವುದರಿಂದ ಎದ್ದಾಗ ಹಿಂದಿನಂತೆಯೇ ಭೇದ ಮರಳುತ್ತದೆ ಎನ್ನುತ್ತದೆ ಬ್ರಹ್ಮಸೂತ್ರ ಭಾಷ್ಯ. ಸಮಾಧಿಯನ್ನೂ ನಿದ್ದೆಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ಅದು. ಬೃಹದಾರಣ್ಯಕ ಭಾಷ್ಯದಲ್ಲಿ ಅವರು ಚಿತ್ತವೃತ್ತಿನಿರೋಧ ಮೋಕ್ಷಕ್ಕೆ ಸಾಧನವೆಂದು ಒಪ್ಪುವುದಿಲ್ಲ. ಗೌಡಪಾದರು ಕಾರಿಕೆಯಲ್ಲಿ ಇನ್ನೂ ಹತ್ತಿರ ಹೋಗಿ ಎಚ್ಚರಿಸುತ್ತಾರೆ. ಮನಸ್ಸು ಲಯಕ್ಕೆ ಜಾರಿದರೆ ಎಬ್ಬಿಸು, ಚೆದುರಿದರೆ ಶಾಂತಗೊಳಿಸು, ಅಲ್ಲಿಯ ಸುಖವನ್ನು ಸವಿಯುತ್ತ ಕೂರಬೇಡ. ಇದು ಅಲ್ಲಿಗೆ ಹೋಗಿ ಬಂದವರು ಮಾತ್ರ ಕೊಡಬಲ್ಲ ಸಲಹೆ.

ಆದರೆ ಅದ್ವೈತದ ಮುಂದಿನ ಹಾದಿ ಬೇರೆಯಾಯಿತು. 14ನೇ ಶತಮಾನದಲ್ಲಿ ಶೃಂಗೇರಿಯ ಪೀಠದಲ್ಲಿದ್ದ ವಿದ್ಯಾರಣ್ಯರು ಜೀವನ್ಮುಕ್ತಿವಿವೇಕದಲ್ಲಿ ಯಾಜ್ಞವಲ್ಕ್ಯನನ್ನು ಎದುರಿಗಿಟ್ಟುಕೊಂಡರು. ಅವನು ತತ್ತ್ವಜ್ಞಾನಿ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಜನಕನ ಸಭೆಯಲ್ಲಿ ವಿದ್ಯೆಯ ಮದ, ಕೋಪ ತೋರಿದನಲ್ಲ? ಆದ್ದರಿಂದ ಜ್ಞಾನದ ಜೊತೆಗೆ ವಾಸನಾಕ್ಷಯ, ಮನೋನಾಶಗಳೂ ಬೇಕು, ಅದಕ್ಕೆ ಪತಂಜಲಿಯ ಯೋಗ ಬೇಕು ಎಂದರು. ವಿವೇಕಚೂಡಾಮಣಿಯಂಥ ಗ್ರಂಥಗಳು ನಿರ್ವಿಕಲ್ಪ ಸಮಾಧಿಯನ್ನು ಇನ್ನೂ ಮೇಲಕ್ಕೇರಿಸಿದವು. ವಿವೇಕಚೂಡಾಮಣಿ ಶಂಕರರದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಸಂಶಯವಿದೆ. ಇಪ್ಪತ್ತನೆಯ ಶತಮಾನದಲ್ಲಿ ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳು ಈ ಸೇರ್ಪಡೆಗಳನ್ನೆಲ್ಲ ಬಿಡಿಸಿ, ಭಾಷ್ಯಗಳ ಶಂಕರರಿಗೆ ಮರಳಬೇಕೆಂದು ಕನ್ನಡದಲ್ಲೂ ಸಂಸ್ಕೃತದಲ್ಲೂ ಬದುಕಿಡೀ ಬರೆದರು. ಶೃಂಗೇರಿಗೂ ಹೊಳೆನರಸೀಪುರಕ್ಕೂ ಬಹಳ ದೂರವಿಲ್ಲ. ಸಮಾಧಿ ಬೇಕೇ ಬೇಡವೇ ಎಂಬ ವೇದಾಂತದ ದೊಡ್ಡ ವಾದದ ಎರಡು ತುದಿಗಳೂ ಕನ್ನಡ ನೆಲದಲ್ಲೇ ಇವೆ. ವಿದ್ಯಾರಣ್ಯರ ಕಾಳಜಿ ನನಗೆ ಅರ್ಥವಾಗುತ್ತದೆ, ತಿಳಿದವನೂ ಸಿಡುಕುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ತರ್ಕದಲ್ಲಿ ಸಚ್ಚಿದಾನಂದೇಂದ್ರರ ಕೈ ಮೇಲು. ಬಂದು ಹೋಗುವ ಸ್ಥಿತಿಯೊಂದು ಬಾರದ ಹೋಗದ ಆತ್ಮವನ್ನು ಹೇಗೆ ತಂದುಕೊಟ್ಟೀತು?

ಇದಕ್ಕೆ ಗೀತೆಯಲ್ಲೇ ಒಂದು ಸುಳಿವಿದೆ. ಸಮಾಧಿಯಲ್ಲಿರುವ ಸ್ಥಿತಪ್ರಜ್ಞ ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ ಎಂದು ಅರ್ಜುನ ಕೇಳುತ್ತಾನೆ. ಕೇಳುವವನ ಮನಸ್ಸಿನಲ್ಲೇ ಸಮಾಧಿಸ್ಥ ಮಾತಾಡುವವನು, ನಡೆಯುವವನು. ಹಠಪ್ರದೀಪಿಕೆಯ ಯೋಗಿಗಾದರೋ ಶಂಖ ದುಂದುಭಿಗಳೂ ಕೇಳಿಸುವುದಿಲ್ಲ, ಮೈ ಕಟ್ಟಿಗೆಯಾಗುತ್ತದೆ. ಒಂದೇ ಪರಂಪರೆಯೊಳಗೆ ಇವೆರಡೂ ಇವೆ.

ರಾಮಕೃಷ್ಣ ಪರಮಹಂಸರ ಬದುಕಿನಲ್ಲಿ ಈ ಎರಡೂ ಹತ್ತಿರದಿಂದ ಕಾಣುತ್ತವೆ. ದಕ್ಷಿಣೇಶ್ವರದಲ್ಲಿ ತೋತಾಪುರಿ ಅವರಿಗೆ ಅದ್ವೈತ ಸಾಧನೆ ಕೊಟ್ಟಾಗ ಮನಸ್ಸು ಎಲ್ಲವನ್ನೂ ಬಿಟ್ಟರೂ ಕಾಳಿಯ ರೂಪವನ್ನು ಬಿಡಲಿಲ್ಲ. ಗುರು ಒಂದು ಗಾಜಿನ ಚೂರನ್ನು ಹುಬ್ಬುಗಳ ನಡುವೆ ಒತ್ತಿ ಅಲ್ಲಿ ಮನಸ್ಸಿಡು ಎಂದರು. ಮೂರು ದಿನ ನಿರ್ವಿಕಲ್ಪದಲ್ಲಿದ್ದರು. 1879ರ ಸೆಪ್ಟೆಂಬರ್ 21ರಂದು ಕಲ್ಕತ್ತೆಯಲ್ಲಿ ಕೇಶವಚಂದ್ರ ಸೇನರ ಮನೆಯಲ್ಲಿ ತೆಗೆದ ಫೋಟೊ ಒಂದಿದೆ. ಪರಮಹಂಸರು ನಿಂತಿದ್ದಾರೆ, ಬಲಗೈ ಮೇಲೆದ್ದಿದೆ. ಸುತ್ತ ಬ್ರಾಹ್ಮಸಮಾಜದವರು ನೆಲದ ಮೇಲೆ ಕೂತಿದ್ದಾರೆ. ಪರಮಹಂಸರು ಬೀಳದಂತೆ ಅವರ ಬಂಧು ಹೃದಯರಾಮ ಹಿಂದಿನಿಂದ ಹಿಡಿದುಕೊಂಡಿದ್ದಾನೆ. ಒಬ್ಬರ ಸಮಾಧಿಗೆ ಇನ್ನೊಬ್ಬರ ಕೈಯ ಆಸರೆ ಬೇಕಾಗಿತ್ತು ಎಂಬುದು ಎದ್ದು ಕಾಣುತ್ತದೆ. ಇಂಥವರೇ, ನಿರ್ವಿಕಲ್ಪದಲ್ಲೇ ಮುಳುಗಿರಬೇಕೆಂದು ಶಿಷ್ಯ ನರೇಂದ್ರ ಕೇಳಿದಾಗ, ಅಷ್ಟೇ ಬಯಸುವುದು ನಾಚಿಕೆಗೇಡು ಎಂದು ಗದರಿದರು. ತಿರುವಣ್ಣಾಮಲೆಯ ರಮಣ ಮಹರ್ಷಿಗಳು ಇದೇ ವ್ಯತ್ಯಾಸವನ್ನು ಕೇವಲ, ಸಹಜ ಎಂದು ಎರಡಾಗಿ ವಿಂಗಡಿಸಿದರು. ಬಾವಿಯಲ್ಲಿ ಮುಳುಗಿದರೂ ಹಗ್ಗ ಬಿಚ್ಚದ ಕೊಡದಂತೆ ಮೊದಲನೆಯದು, ಯಾವಾಗ ಬೇಕಾದರೂ ಮೇಲಕ್ಕೆ ಬಂದೀತು ಎಂಬುದು ಅವರ ವಿವರಣೆ.

ಬೌದ್ಧರಲ್ಲಿ ಈ ಜಗಳ ಟಿಬೆಟ್ಟಿನವರೆಗೆ ಹೋಯಿತು. 8ನೇ ಶತಮಾನದ ಕೊನೆಯಲ್ಲಿ ಸಾಮ್ಯೆ ವಿಹಾರದಲ್ಲಿ ಚೀನಾದ ಮೊಹೆಯಾನ್ ಯೋಚನೆಯೇ ಬಂಧನ, ಅದನ್ನು ಬಿಟ್ಟರಾಯಿತು ಎಂದ. ಭಾರತದ ಕಮಲಶೀಲ, ಯೋಚನೆಯಿಲ್ಲದಿರುವುದೇ ಮುಕ್ತಿಯಾದರೆ ಮೂರ್ಛೆ ಹೋದವನೂ ಮುಕ್ತನಾಗಬೇಕಲ್ಲ ಎಂಬ ಜಾಡಿನಲ್ಲಿ ಉತ್ತರಿಸಿದ. ಗೆದ್ದವನು ಕಮಲಶೀಲ ಎಂದು ಟಿಬೆಟ್ಟಿನ ಪರಂಪರೆ ನಂಬುತ್ತದೆ. ಅಭಿಧರ್ಮದಲ್ಲೂ ಬರಿದೇ ಸಂಜ್ಞೆ ಅಳಿಸುವ ಅಸಂಜ್ಞಿ ಸಮಾಪತ್ತಿಯನ್ನು, ಅದನ್ನೇ ಮುಕ್ತಿಯೆಂದು ತಪ್ಪು ತಿಳಿದವರ ದಾರಿಯೆಂದೇ ಇಟ್ಟಿದ್ದಾರೆ. ಹದಿನಾಲ್ಕು–ಹದಿನೈದನೆಯ ಶತಮಾನದ ತ್ಸೊಂಗ್‌ಖಾಪಾ, ಸೂಕ್ಷ್ಮವಾದ ಮಂಕನ್ನು ಸಮಾಧಿಯೆಂದು ಭ್ರಮಿಸುವ ಸಾಧಕರ ಬಗ್ಗೆ ಪುಟಗಟ್ಟಲೆ ಬರೆದ. ಗೌಡಪಾದರ ಲಯದ ಎಚ್ಚರಿಕೆಯೇ ಅದು. ಅವನ ಗೆಲುಗ್ ಪರಂಪರೆಯ ಸೆರಾ ವಿಹಾರ ಈಗ ಬೈಲಕುಪ್ಪೆಯಲ್ಲಿದೆ, ಗಾಂದೆನ್ ಮತ್ತು ದ್ರೆಪುಂಗ್ ಮುಂಡಗೋಡಿನಲ್ಲಿವೆ. ಅಲ್ಲಿಗೆ ಹೋದವರು ಮೌನ ಕಾಣುವೆವೆಂದುಕೊಂಡರೆ ಕಿವಿಗೆ ಬೀಳುವುದು ವಾದದ ಅಂಗಳದ ಗದ್ದಲ. ನಿಂತ ಭಿಕ್ಷು ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ, ಕೂತವನು ತಡಮಾಡದೆ ಉತ್ತರಿಸಬೇಕು. ಕಮಲಶೀಲನ ಪಕ್ಷ ಅಲ್ಲಿ ಇಂದಿಗೂ ಜೀವಂತವಾಗಿದೆ.

ಕನ್ನಡಕ್ಕೆ ಈ ಪ್ರಶ್ನೆ ಅಲ್ಲಮನ ಕಥೆಯ ಮೂಲಕ ಬಂದಿದೆ. ಹರಿಹರನ ರಗಳೆಯಲ್ಲಿ ಅಲ್ಲಮ ನೆಲದಡಿ ಹುದುಗಿದ ಗುಡಿಯೊಳಗೆ ಹೋದಾಗ ಅನಿಮಿಷ ರೆಪ್ಪೆ ಬಡಿಯದೆ ಕೂತಿದ್ದಾನೆ. ಅವನ ಕೈಯ ಲಿಂಗ ಅಲ್ಲಮನ ಕೈ ಸೇರುತ್ತದೆ. ಅನಿಮಿಷ ಮತ್ತೆ ಹೊರಗೆ ಬರುವುದಿಲ್ಲ. ಅಲ್ಲಮನಾದರೋ ಹೊರಗೆ ಬಂದು ಊರೂರು ಅಲೆದು, ಸಿದ್ಧರಾಮನನ್ನು ಕೆಣಕಿ, ಗೋರಕ್ಷನ ವಜ್ರಕಾಯವನ್ನು ಪ್ರಶ್ನಿಸಿ, ಕಲ್ಯಾಣದಲ್ಲಿ ಶರಣರ ನಡುವೆ ಕೂತು ಮಾತಾಡಿದ. ಗುರುವಿನ ಸಮಾಧಿ ಗುಡಿಯಲ್ಲಿ, ಶಿಷ್ಯನದು ಜನರ ನಡುವೆ.

ಇಷ್ಟೆಲ್ಲ ವಾದದ ನಡುವೆ, ಅಳೆದು ನೋಡಿದರೆ ಏನು ಸಿಗುತ್ತದೆ? 1961ರಲ್ಲಿ ದೆಹಲಿಯ ಏಮ್ಸ್‌ನ ಬಿ.ಕೆ. ಆನಂದ್, ಛಿನಾ ಮತ್ತು ಬಲದೇವ್ ಸಿಂಗ್ ಯೋಗಿಗಳ ಮಿದುಳಿನ ಅಲೆಗಳನ್ನು ದಾಖಲಿಸಿದರು. ಧ್ಯಾನದಲ್ಲಿದ್ದಾಗ ಜೋರು ಸದ್ದು, ಬೆಳಕು, ಬಿಸಿ ಗಾಜಿನ ಸ್ಪರ್ಶ ಯಾವುದಕ್ಕೂ ಆಲ್ಫಾ ಅಲೆ ಮುರಿಯಲಿಲ್ಲ. 1966ರಲ್ಲಿ ಜಪಾನಿನ ಕಸಮಾತ್ಸು ಮತ್ತು ಹಿರಾಯ್ ಝೆನ್ ಭಿಕ್ಷುಗಳಿಗೆ ಒಂದೇ ಟಕ್ ಸದ್ದನ್ನು ಮತ್ತೆ ಮತ್ತೆ ಕೇಳಿಸಿದರು. ಸಾಮಾನ್ಯರ ಮಿದುಳು ನಾಲ್ಕಾರು ಬಾರಿಗೆ ಒಗ್ಗಿಹೋದರೆ, ಭಿಕ್ಷುಗಳದು ಪ್ರತಿ ಸಲವೂ ಮೊದಲ ಸಲ ಕೇಳಿದಂತೆ ಸ್ಪಂದಿಸಿತು. ಆಳಾರನೂ ಅವನ ಶಿಷ್ಯನಾಗಿದ್ದ ಬುದ್ಧನ ಪ್ರಶ್ನೆಯೂ ಪ್ರಯೋಗಶಾಲೆಗೆ ಬಂದಂತೆ ತೋರಿತು, ಜನ ಬಹಳ ಉತ್ಸಾಹದಿಂದ ಬರೆದರು. ಆದರೆ 1981ರಲ್ಲಿ ಬೆಕರ್ ಮತ್ತು ಶಪಿರೊ ಯೋಗ, ಝೆನ್ ಸಾಧಕರನ್ನೂ ಸಾಧಕರಲ್ಲದವರನ್ನೂ ಒಟ್ಟಿಗೆ ಪರೀಕ್ಷಿಸಿದಾಗ ಆ ವ್ಯತ್ಯಾಸ ಸಿಗಲಿಲ್ಲ. ಸತ್ತ ಮೇಲೂ ಕೆಲವು ದಿನ ಮೈ ಕೆಡದೆ ಕೂತಿರುವ ಟಿಬೆಟನ್ನರ ತುಕ್ದಂ ಸ್ಥಿತಿಯ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಮಿದುಳಿನ ಅಲೆ ಕಾಣಲಿಲ್ಲ. ಅಳತೆ ಶುರುವಾದದ್ದೇ ಸಾವಿಗೆ ಒಂದು ದಿನ ಕಳೆದ ಮೇಲೆ ಎಂಬುದನ್ನೂ ಮರೆಯಬಾರದು. ಈ ಅಳತೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವು ಸಮಾಧಿಯ ಆಳವನ್ನು ಅಳೆಯಬಲ್ಲವು. ಅದರಿಂದ ಎದ್ದವನಿಗೆ ಏನು ತಿಳಿಯಿತೆಂಬುದನ್ನು ಅಲೆಗಳಿಂದ ಕೇಳುವುದು ಹೇಗೆ?

ಈ ಕಾಲದ ಶಿಬಿರಗಳಲ್ಲೂ ಹಳೆಯ ಜಗಳ ಮುಂದುವರಿದಿದೆ. ಬರ್ಮಾದ ಮಹಾಸಿ ಸಯಾಡೊ (1904–1982) ಝಾನವಿಲ್ಲದೆಯೂ ವಿಪಶ್ಯನೆ ಸಾಧ್ಯವೆಂದು ಲಕ್ಷಾಂತರ ಜನರಿಗೆ ದಾರಿ ತೆರೆದರು. ಊ ಬಾ ಖಿನ್ ಅವರ ಶಿಷ್ಯ ಎಸ್.ಎನ್. ಗೋಯೆಂಕಾ 1969ರಲ್ಲಿ ಭಾರತಕ್ಕೆ ತಂದ ಹತ್ತು ದಿನದ ಕ್ರಮದಲ್ಲಿ ಮೊದಲ ದಿನಗಳು ಮಾತ್ರ ಉಸಿರಿನ ಏಕಾಗ್ರತೆಗೆ, ಉಳಿದವು ಮೈಯ ಸಂವೇದನೆಗಳ ನೋಟಕ್ಕೆ. ಅದೇ ಬರ್ಮಾದ ಪಾ-ಔಕ್ ಪರಂಪರೆ ವಿಸುದ್ಧಿಮಗ್ಗದಂತೆ ಆಳವಾದ ಝಾನ ಮೊದಲು ಎನ್ನುತ್ತದೆ. ಝಾನದಲ್ಲಿ ಸದ್ದು ಕೇಳಿಸಿದರೆ ಅದು ಝಾನವೇ ಅಲ್ಲ ಎನ್ನುವ ಗುರುಗಳೂ ಇದ್ದಾರೆ, ಕೇಳಿಸುತ್ತದೆ ಎನ್ನುವವರೂ ಇದ್ದಾರೆ. ಪಾಳಿಯ ಕಥಾವತ್ಥುವಿನಲ್ಲೇ ಈ ಪ್ರಶ್ನೆಯನ್ನು ಎತ್ತಿ ವಾದಿಸಲಾಗಿದೆ ಎಂಬುದನ್ನು ಎರಡೂ ಕಡೆಯವರು ಬಲ್ಲರು.

ಇದೇ ಪ್ರಶ್ನೆ ಏಳುವ ವಿನಯಪಿಟಕದ ಪ್ರಸಂಗವೊಂದು ಹೀಗಿದೆ. ತಾನು ಸಪ್ಪಿನಿಕಾ ನದಿಯ ದಡದಲ್ಲಿ ಅಚಲ ಸಮಾಧಿಯಲ್ಲಿದ್ದಾಗ ನೀರಿಗಿಳಿದು ಮೇಲೇರುವ ಆನೆಗಳ ಘೀಳು ಕೇಳಿಸಿತು ಎಂದು ಬುದ್ಧನ ಹಿರಿಯ ಶಿಷ್ಯ ಮೊಗ್ಗಲ್ಲಾನ ಹೇಳಿದ. ಸದ್ದು ಕೇಳಿಸಿದ ಮೇಲೆ ಅದೆಂಥ ಅಚಲ ಸಮಾಧಿ, ಇಲ್ಲದ ಸಿದ್ಧಿ ಹೇಳಿಕೊಳ್ಳುತ್ತಿದ್ದಾನೆ ಎಂದು ಉಳಿದ ಭಿಕ್ಷುಗಳು ದೂರಿದರು. ಅದು ಸಂಘದಿಂದ ಹೊರಗಾಗುವಷ್ಟು ದೊಡ್ಡ ಅಪರಾಧ. ಬುದ್ಧ ವಿಚಾರಿಸಿ, ಆ ಸಮಾಧಿ ಇರುವುದು ನಿಜ, ಆದರೆ ಅವನದು ಇನ್ನೂ ಪೂರ್ತಿ ಶುದ್ಧವಾಗಿರಲಿಲ್ಲ, ಮೊಗ್ಗಲ್ಲಾನ ಹೇಳಿದ್ದು ಸತ್ಯವೇ, ಅವನಲ್ಲಿ ತಪ್ಪಿಲ್ಲ ಎಂದ.